ಕವಿಯ ಹತ್ತಿರ ಜಾತಿ ಕೇಳೋದಾ, ಪದ ಕೇಳೋದಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಮೂವರು ಕವಿಗಳ ಸಂದರ್ಶನ ಮಾಡಬೇಕು. ಮೊದಲನೆಯದೇ ಕೆಟ್ಟಿತು. ಆ ಕವಿ ದಲಿತರು. ಅವರ ಒಂದು ಕವಿತೆಯಲ್ಲಿ ಅಪ್ಪ ಬಾರಿಸುವ ಮೊದಲು ಹಲಗೆ ಕಾಯಿಸುವ ಚಿತ್ರ ಇದೆ. ಅದನ್ನು ಓದಿ ಮೆಚ್ಚಿಯೇ ಹೋಗಿದ್ದೆ. 'ದಲಿತ ಕವಿಯಾಗಿ ನಿಮ್ಮ ಅನುಭವ ಹೇಳಿ' ಎಂದು ಶುರು ಮಾಡಿದೆ. 'ಬೇರೆ ಕವಿಗಳಿಗೂ ಹೀಗೇ ಕೇಳ್ತೀರೇನು?' ಅಂದರು. ಆಮೇಲೆ ಎಲ್ಲದಕ್ಕೂ ಒಂದೊಂದು ಸಾಲಿನ ಉತ್ತರ. ಇಪ್ಪತ್ತು ನಿಮಿಷಕ್ಕೆ ಎದ್ದು ಬಂದೆ. ಇನ್ನಿಬ್ಬರು ಬಾಕಿ ಇದ್ದಾರೆ. ಒಬ್ಬರು ಮನೆಯಲ್ಲಿ ಉರ್ದು ಮಾತಾಡುವ ಯುವ ಕವಯಿತ್ರಿ. ಇನ್ನೊಬ್ಬರು ಎಂಬತ್ತು ದಾಟಿದ ನಿವೃತ್ತ ಶಿಕ್ಷಕರು. ಜಾತಿ, ಧರ್ಮ, ಸಮುದಾಯದ ಬಗ್ಗೆ ಕೇಳಲೇಬಾರದಾ? ಬರೀ ಕಾವ್ಯದ ಬಗ್ಗೆ ಕೇಳಿದರೆ ಅರ್ಧ ಬಿಟ್ಟ ಹಾಗೆ ಆಗುವುದಿಲ್ಲವಾ?

ಉತ್ತರ: ಮೇಷ್ಟ್ರೇ, ನಿಮ್ಮ ಕಾಗದದಲ್ಲೇ ನಿಮ್ಮ ಮೊದಲ ಪ್ರಶ್ನೆ ಕೂತಿದೆ. ಹಲಗೆ. ಅದನ್ನು ನನಗೆ ಬರೆದಿರಿ, ಅವರಿಗೆ ಕೇಳಲಿಲ್ಲ.

ಆ ಕವಿ ಸಿಟ್ಟಾದದ್ದು ಜಾತಿಯ ಮಾತು ಬಂತು ಅಂತ ಅಲ್ಲ ಅನ್ನೋದು ನನ್ನ ಊಹೆ. ಜಾತಿಯ ಬಗ್ಗೆ ಹೇಳೋದಕ್ಕೆ ಅವರ ಹತ್ತಿರ ಬೇಕಾದಷ್ಟು ಇರುತ್ತದೆ, ಹಲಗೆಯ ಕವಿತೆ ಬರೆದವರಲ್ವಾ? ನೀವು ಕವಿತೆ ಓದಿಕೊಂಡು ಹೋದಿರಿ, ಆದರೆ ಬಾಗಿಲಲ್ಲಿ ನಿಂತು ಓದಿಲ್ಲದವರ ಹಾಗೆ ಕೇಳಿದಿರಿ. 'ದಲಿತ ಕವಿಯಾಗಿ' ಅನ್ನುವ ಪ್ರಶ್ನೆಯನ್ನು ಅವರ ಒಂದು ಸಾಲೂ ಓದದವರು ಕೂಡ ಕೇಳಬಹುದು. ಅವರು ಎಷ್ಟು ಸಲ ಅದನ್ನು ಕೇಳಿರಬೇಡ! ಉತ್ತರವೂ ಬಾಯಿಪಾಠ ಆಗಿರುತ್ತದೆ. ಬಾಯಿಪಾಠ ಆದ ಉತ್ತರ ಯಾವಾಗಲೂ ಒಂದು ಸಾಲಿಗಿಂತ ಉದ್ದ ಇರೋದಿಲ್ಲ.

ಈಗ ಹಲಗೆಗೆ ಬರೋಣ. ನಮ್ಮ ಕಡೆ ತಮಟೆ ಅಂತೀವಿ, ನಿಮ್ಮ ಕಡೆ ಹಲಗೆ. ಚರ್ಮ ಬಿಗಿಯಾಗಲಿ ಅಂತ ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಇಷ್ಟು ನನಗೆ ಗೊತ್ತು. ಇದಕ್ಕಿಂತ ಒಳಗಿನದ್ದು ಆ ಕವಿಗೆ ಗೊತ್ತು. ಯಾವುದಕ್ಕೆ ಬೆಂಕಿ ಹಚ್ಚುತ್ತಿದ್ದರು, ಹುಲ್ಲಿಗಾ, ಕಾಗದಕ್ಕಾ? ಸಾಕಷ್ಟು ಕಾದಿದೆ ಅಂತ ಅಪ್ಪನಿಗೆ ಹೇಗೆ ಗೊತ್ತಾಗುತ್ತಿತ್ತು, ಬೆರಳಲ್ಲಿ ತಟ್ಟಿ ನೋಡಿಯೋ, ಕೆನ್ನೆಗೆ ಒತ್ತಿಯೋ? ಜಾಸ್ತಿ ಕಾದರೆ ಏನಾಗುತ್ತದೆ? ಹುಡುಗನಾಗಿದ್ದಾಗ ನೀವು ಬಾರಿಸಿದ್ದಿರಾ, ಅಪ್ಪ ಬಿಟ್ಟರಾ, ಅಥವಾ 'ಇದು ನನ್ನ ಕಾಲಕ್ಕೇ ಮುಗೀಲಿ' ಅಂದರಾ? ಈ ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ನೀವು ಜಾತಿಯ ನಡುಮನೆಯಲ್ಲೇ ಕೂತಿರುತ್ತೀರಿ. ಯಾರ ಮನೆಯ ಸಾವಿಗೆ ಕರೀತಿದ್ದರು, ಜಾತ್ರೆಯಲ್ಲಿ ಎಲ್ಲಿ ನಿಲ್ಲಬೇಕಿತ್ತು, ಡಂಗುರ ಸಾರಿದ್ದಕ್ಕೆ ಏನು ಕೊಡುತ್ತಿದ್ದರು, ಕೈಗೆ ಕೊಡುತ್ತಿದ್ದರಾ ಸೆರಗಿಗೆ ಹಾಕುತ್ತಿದ್ದರಾ, ಎಲ್ಲವನ್ನೂ ಅವರೇ ಹೇಳುತ್ತಾರೆ. ಹೇಳದಿದ್ದರೆ ಹೇಳಲು ಇಷ್ಟವಿಲ್ಲ ಅಂತ ಅರ್ಥ. ಅದನ್ನೂ ಗೌರವಿಸಿ.

ಇದರ ಜೊತೆಗೇ ಕಸುಬಿನ ಪ್ರಶ್ನೆಯೂ ಬರುತ್ತದೆ, ನೋಡಿ. ಆ ಕವಿತೆಯ ಲಯ ಹಲಗೆಯ ಪೆಟ್ಟಿನಿಂದ ಬಂದದ್ದಾ? ಬರೆಯುವಾಗ ಕಿವಿಯಲ್ಲಿ ಆ ಸದ್ದು ಇತ್ತಾ? ಹೀಗೆ ಕೇಳಿದರೆ ಕಸುಬು, ಗುರುತು, ಸಮುದಾಯ ಅನ್ನುವ ಮೂರು ಡಬ್ಬಿ ಬೇಕಾಗುವುದೇ ಇಲ್ಲ. ನೀವು 'ಬರೀ ಕಾವ್ಯದ ಬಗ್ಗೆ' ಅಂತ ಬರೆದಿದ್ದೀರಲ್ಲ, ಆ 'ಬರೀ' ನನಗೆ ಸ್ವಲ್ಪ ಚುಚ್ಚಿತು. ಒಂದು ಪದದ ಊರು ಯಾವುದು ಅಂತ ಕೇಳಿದರೆ ಆ ಊರಿನ ಬೀದಿಗಳೆಲ್ಲ ಬರುತ್ತವೆ, ಊರೂ ಬರುತ್ತದೆ, ಕೇರಿಯೂ ಬರುತ್ತದೆ.

ಕವಿ ಸಿದ್ಧಲಿಂಗಯ್ಯನವರನ್ನೇ ತೆಗೆದುಕೊಳ್ಳಿ. ಅವರ ಕವನ ಸಂಕಲನ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1973ರಲ್ಲಿ, ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ, ಅಂದರೆ ದನಕ್ಕೆ ಹಾಕುವ ಹೊಟ್ಟು, ಅನ್ನುವ ಅರ್ಥದ ಮಾತಾಡಿದ್ದರು. ಊರೂರಲ್ಲಿ ಗಲಾಟೆ ಆಯಿತು, ಅವರು ಮಂತ್ರಿ ಸ್ಥಾನ ಬಿಟ್ಟರು. ಆ ಬಿಸಿಯಲ್ಲಿ ಬೆಳೆದ ಹುಡುಗರು ಬರೆದ ಪದ್ಯಗಳು ಪುಸ್ತಕದಲ್ಲಿ ಮಲಗಿರಲಿಲ್ಲ. ಮೆರವಣಿಗೆಯಲ್ಲಿ ಹಾಡಾದವು. ಇಲ್ಲಿ ನಿಮ್ಮಂಥ ಕನ್ನಡ ಮೇಷ್ಟ್ರು ಕೇಳಬೇಕಾದ ಪ್ರಶ್ನೆ ಯಾವುದು? ನಡೆಯುತ್ತಾ ಹಾಡುವ ಪದ್ಯಕ್ಕೆ ಸಾಲು ಎಷ್ಟು ಉದ್ದ ಇರಬಹುದು? ಉಸಿರು ಎಲ್ಲಿ ತೆಗೆದುಕೊಳ್ಳಬೇಕು? ಓದು ಬಾರದವರು ಒಂದೇ ಸಲ ಕೇಳಿ ಕಲಿಯಬೇಕಾದರೆ ಯಾವ ಪದ ಬಿಡಬೇಕು? ಒಂದೇ ಥರ ಶುರುವಾಗುವ ಸಾಲುಗಳು ಯಾಕೆ ಬೇಕಾಗುತ್ತವೆ? ಸಮುದಾಯ ಅನ್ನುವುದು ಅಲ್ಲಿ ಪದ್ಯದ ವಿಷಯ ಮಾತ್ರ ಆಗಿರಲಿಲ್ಲ, ಪದ್ಯದ ಅಳತೆಯನ್ನೂ ಅದೇ ಗೊತ್ತು ಮಾಡಿತ್ತು. ಮುಂದೆ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 'ಖಡ್ಗವಾಗಲಿ ಕಾವ್ಯ' ಅನ್ನುವ ಘೋಷಣೆ ಅದರದು. ಆ ಘೋಷಣೆಯನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ಕೈ ತಾನಾಗಿ ಮೇಲೆ ಹೋಗುತ್ತದೆ. ಅದೂ ಛಂದಸ್ಸೇ.

ಸಿದ್ಧಲಿಂಗಯ್ಯನವರಿಂದ ಇನ್ನೊಂದು ಪಾಠ ಇದೆ. ಅವರ ಆತ್ಮಕಥೆ 'ಊರುಕೇರಿ' ಓದಿದವರಿಗೆ ಗೊತ್ತು, ಪುಟ ಪುಟಕ್ಕೂ ನಗು. ಹಸಿವಿನ ಕಥೆಯನ್ನೂ ನಗಿಸುತ್ತಾ ಹೇಳುತ್ತಾರೆ. ಅವರು ಪಿಎಚ್.ಡಿ. ಮಾಡಿದ್ದು ಗ್ರಾಮದೇವತೆಗಳ ಬಗ್ಗೆ. ದೇವರು ಮೈಮೇಲೆ ಬಂದು ಬೈಯುವ ಕಥೆಗಳನ್ನು ಸಭೆಯಲ್ಲಿ ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬರೀ ನೋವು ಹುಡುಕಿಕೊಂಡು ಹೋದ ಸಂದರ್ಶಕನಿಗೆ ಈ ಮನುಷ್ಯ ಸಿಗುವುದೇ ಇಲ್ಲ. ನಿಮ್ಮ ಕವಿಗೂ ಒಮ್ಮೆ ಕೇಳಿ, 'ನಿಮ್ಮ ಕೇರಿಯಲ್ಲಿ ಎಲ್ಲರಿಗಿಂತ ಜಾಸ್ತಿ ನಗಿಸುತ್ತಿದ್ದವರು ಯಾರು?' ನಾನು ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಸುಮ್ಮನೆ ಹೋದ ಸಲ ಇಲ್ಲ.

ಹಾಗಾದರೆ ಗುರುತಿನ ಪ್ರಶ್ನೆಯನ್ನು ನೇರವಾಗಿ ಕೇಳಲೇಬಾರದಾ? ಇಲ್ಲಿ ನನ್ನ ವಾದಕ್ಕೆ ಒಂದು ತೊಡಕು ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕವಿಗಳ ಮಾತುಕತೆಗೆ ನಮ್ಮಲ್ಲಿರುವ ಬಹಳ ಹಳೆಯ ಪುಸ್ತಕ ಶೂನ್ಯಸಂಪಾದನೆ. ಅದರಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಕೇಳುವುದೇ ಗುರುತಿನ ಪ್ರಶ್ನೆ. ತುಂಬು ಪ್ರಾಯದ ಹೆಣ್ಣು ನೀನು, ಇಲ್ಲಿಗೆ ಯಾಕೆ ಬಂದೆ, ನಿನ್ನ ಗಂಡ ಯಾರು, ಗುರುತು ಹೇಳಿದರೆ ಬಂದು ಕೂರು, ಇಲ್ಲದಿದ್ದರೆ ಹೊರಡು ಅನ್ನುವ ಧಾಟಿ. ನಿಮ್ಮ ಪ್ರಶ್ನೆಗಿಂತ ನೂರು ಪಾಲು ಒರಟು. ಮುಂದೆ ಇನ್ನೂ ಹೋಗಿ, ಎಲ್ಲ ಬಿಟ್ಟವಳು ಮೈಯನ್ನು ಕೂದಲಿನಿಂದ ಯಾಕೆ ಮುಚ್ಚಿಕೊಂಡೆ ಅಂತಲೂ ಕೆಣಕುತ್ತಾನೆ. ಅಕ್ಕ ಹಣ್ಣಿನ ಮಾತು ತರುತ್ತಾಳೆ. ಒಳಗೆ ಹಣ್ಣಾಗದೆ ಹೊರಗಿನ ಸಿಪ್ಪೆಯ ಬಣ್ಣ ಕೆಡುವುದಿಲ್ಲ ಅನ್ನುತ್ತಾಳೆ. ಮುಚ್ಚಿದ್ದು ನಿಮಗೆ ನೋವಾದೀತು ಅಂತ, ನನಗಾಗಿ ಅಲ್ಲ ಅಂತ ತಿರುಗಿಸಿ ಕೊಡುತ್ತಾಳೆ.

ಅಲ್ಲಮನಿಗೆ ಯಾಕೆ ಒಪ್ಪಿತು, ನಿಮಗೆ ಯಾಕೆ ಒಪ್ಪಲಿಲ್ಲ? ನಾನು ಯೋಚಿಸಿದ ಮಟ್ಟಿಗೆ, ಅಲ್ಲಿ ಕೇಳುವವನೂ ವಚನಕಾರ, ಉತ್ತರಿಸುವವಳೂ ವಚನಕಾರ್ತಿ. ಇಬ್ಬರೂ ಬಿಟ್ಟು ಬಂದವರು. ಅವಳ ಉತ್ತರಕ್ಕೆ ಅವನು ತಲೆಬಾಗಲು ತಯಾರಿದ್ದ, ಕೊನೆಗೆ ಬಾಗಿದ ಕೂಡ. ಸೋಲಲು ತಯಾರಿಲ್ಲದವರು ಅಂಥ ಪ್ರಶ್ನೆ ಕೇಳಬಾರದು. ನೀವು ಹೋದದ್ದು ಸಂಚಿಕೆಯ ಎರಡು ಪುಟ ತುಂಬಿಸಲು. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮೂವತ್ತು ವರ್ಷ ಹಾಗೇ ಹೋದವನು.

ಶೂನ್ಯಸಂಪಾದನೆಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದು ಕಲ್ಯಾಣದಲ್ಲಿ ಕೂತು ಬರೆದುಕೊಂಡ ವರದಿ ಅಲ್ಲ. ಹನ್ನೆರಡನೇ ಶತಮಾನದ ವಚನಗಳನ್ನು ಎರಡು ಶತಮಾನಕ್ಕೂ ಜಾಸ್ತಿ ಕಳೆದ ಮೇಲೆ ಶಿವಗಣಪ್ರಸಾದಿ ಮಹಾದೇವಯ್ಯ ಎಂಬುವರು ಸಂವಾದದ ರೂಪದಲ್ಲಿ ಜೋಡಿಸಿದರು. ಆಮೇಲೆ ಇನ್ನೂ ಮೂವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಜೋಡಿಸಿದರು, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ. ಅಂದರೆ ಯಾವ ಪ್ರಶ್ನೆಗೆ ಯಾವ ಉತ್ತರ ಅನ್ನುವುದು ಜೋಡಿಸಿದವರ ಕೈಯಲ್ಲಿತ್ತು. ನಿಮ್ಮ ಕೈಯಲ್ಲೂ ಅಷ್ಟೇ ಇದೆ. ಒಂದು ಗಂಟೆ ಮಾತಾಡಿಸಿ ಎರಡು ಪುಟಕ್ಕೆ ಇಳಿಸುವಾಗ ನೀವು ಮಾಡುವುದೂ ಇದೇ ಕೆಲಸ. ಕವಿ ಹತ್ತನೇ ನಿಮಿಷದಲ್ಲಿ ಹೇಳಿದ್ದನ್ನು ಐವತ್ತನೇ ನಿಮಿಷದ ಪ್ರಶ್ನೆಗೆ ಅಂಟಿಸಿದರೆ ಅದು ಬೇರೆಯೇ ಮಾತಾಗಿ ಬಿಡುತ್ತದೆ. ಅವರಿಗೆ ಅದೃಷ್ಟಕ್ಕೆ ಜೋಡಿಸಲು ವಚನಗಳಿದ್ದವು, ನಮಗೆ ಬರೀ ಮಾತು.

ಕವಯಿತ್ರಿಯ ವಿಷಯಕ್ಕೆ ಬರೋಣ. 'ಮನೆಮಾತು ಉರ್ದು ಆದರೂ ಕನ್ನಡದಲ್ಲಿ ಯಾಕೆ ಬರೀತೀರಿ?' ಅಂತ ಕೇಳಬೇಡಿ. ನಾನು ಕೇಳಿದ್ದೇನೆ, ಬಹಳ ಹಿಂದೆ, ರಾಯಚೂರು ಕಡೆಯ ಒಬ್ಬರಿಗೆ. 'ನೀವು ಯಾಕ ಬರೀತೀರಿ?' ಅಂದರು. ನನ್ನ ಮುಖ ನೋಡಬೇಕಿತ್ತು. ಆ 'ಆದರೂ' ಇದೆಯಲ್ಲ, ಅದೇ ಮುಳ್ಳು. ಬೇಂದ್ರೆಯವರ ಮನೆಮಾತು ಮರಾಠಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಮಾಸ್ತಿಯವರ ಮನೆಯಲ್ಲಿ ತಮಿಳು. ಜಯಂತ ಕಾಯ್ಕಿಣಿಯವರದು ಕೊಂಕಣಿ. ಇವರಿಗೆಲ್ಲ 'ಆದರೂ' ಹಾಕಿ ಕೇಳಿದ್ದು ಕಡಿಮೆ, ಉರ್ದು ಮಾತ್ರ ಆ ಪದವನ್ನು ಹೊತ್ತು ತಿರುಗಬೇಕು. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಿಸಾರ್ ಅಹಮದ್ ಅವರಿಗೆ ಇದರ ಎರಡು ತುದಿಗಳೂ ಗೊತ್ತಿದ್ದವು. ದೇವನಹಳ್ಳಿಯವರು, ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರು. 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ ಆಗಿ ಬಂದ ಮೇಲೆ ನಾಡಿನ ಯಾವ ಸಮಾರಂಭವೂ ಆ ಹಾಡಿಲ್ಲದೆ ಶುರುವಾಗದ ಹಾಗೆ ಆಯಿತು. 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. ಇಷ್ಟೆಲ್ಲ ಆದವರೇ 'ನಿಮ್ಮೊಡನಿದ್ದೂ ನಿಮ್ಮಂತಾಗದೆ' ಅನ್ನುವ ಕವಿತೆಯನ್ನೂ ಬರೆದಿದ್ದಾರೆ. ಜೊತೆಗೇ ಇದ್ದು ಬೇರೆಯಾಗಿ ಉಳಿಯುವ ಕಷ್ಟ ಅದರ ಹೆಸರಲ್ಲೇ ಇದೆ. ಮೊದಲ ಹಾಡನ್ನು ಮಾತ್ರ ಹಾಡಿಕೊಂಡು ಎರಡನೆಯದನ್ನು ಮರೆಯುವುದು ನಮಗೆಲ್ಲ ಅನುಕೂಲ. ಅವರ ಹತ್ತಿರ ಹೋದವರಲ್ಲಿ ಯಾರಾದರೂ ಕಲ್ಲು, ಖನಿಜದ ಪಾಠ ಮಾಡುವ ಕಣ್ಣು ಪದ್ಯದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಬೇಕಿತ್ತು ಅಂತ ನನಗೆ ಆಸೆ.

ಆ ರಾಯಚೂರಿನ ಕವಯಿತ್ರಿಯ ಹತ್ತಿರ ನಾನು ಆಮೇಲೆ ಹೇಗೋ ಬಚಾವಾದೆ. ಅವರ ಪದ್ಯದಲ್ಲಿ ಒಂದು 'ದಸ್ತಿ' ಇತ್ತು. ಆ ಕಡೆ ಕರವಸ್ತ್ರಕ್ಕೆ ಹಾಗನ್ನುತ್ತಾರೆ. 'ಈ ಉರ್ದು ಪದ ಬೇಕಂತಲೇ ಇಟ್ಟಿರಾ?' ಅಂದೆ. 'ಇದು ಉರ್ದು ಅಂತ ನಿಮಗ ಯಾರು ಹೇಳಿದರು? ನಮ್ಮೂರಾಗ ಗೌಡರ ಮಂದೀನೂ ದಸ್ತೀನೇ ಅಂತಾರ' ಅಂದರು. ಅಲ್ಲಿಂದ ಮಾತು ಬಿಚ್ಚಿಕೊಂಡಿತು. ಲೆಕ್ಕ ಯಾವ ಭಾಷೆಯಲ್ಲಿ ಮಾಡ್ತೀರಿ? ಮಗುವನ್ನು ಯಾವುದರಲ್ಲಿ ಬೈತೀರಿ? ಕನಸಿನಲ್ಲಿ ಅಮ್ಮ ಯಾವ ಭಾಷೆಯಲ್ಲಿ ಮಾತಾಡ್ತಾರೆ? ಕೊನೆಯದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ನಾನೂ ಸುಮ್ಮನಿದ್ದೆ. ಆ ಮೌನವನ್ನು ತುಂಬಿಸಲು ಹೋಗದೇ ಇದ್ದದ್ದು ನಾನು ಅವತ್ತು ಮಾಡಿದ ಒಂದೇ ಒಳ್ಳೆಯ ಕೆಲಸ.

ಎ.ಕೆ. ರಾಮಾನುಜನ್ ತಮ್ಮ ಮೈಸೂರಿನ ಬಾಲ್ಯದ ಬಗ್ಗೆ ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಮಹಡಿಯ ಮೇಲೆ ಅಪ್ಪನ ಇಂಗ್ಲಿಷು, ಕೆಳಗೆ ಅಡುಗೆಮನೆಯಲ್ಲಿ ಅಮ್ಮನ ತಮಿಳು, ಬಾಗಿಲು ದಾಟಿದರೆ ಬೀದಿಯ ಕನ್ನಡ. ಒಂದು ಮನೆಯ ಮೆಟ್ಟಿಲುಗಳಲ್ಲಿ ಮೂರು ಭಾಷೆ. ಮುಂದೆ ಶಿಕಾಗೋದಲ್ಲಿ ಕೂತು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದವರು ಅವರು. 'ನಿಮ್ಮ ಅಸ್ಮಿತೆ ಯಾವುದು?' ಅನ್ನುವ ಪ್ರಶ್ನೆಗಿಂತ 'ನಿಮ್ಮ ಮನೆಯಲ್ಲಿ ಯಾವ ಕೋಣೆಯಲ್ಲಿ ಯಾವ ಭಾಷೆ?' ಅನ್ನುವುದು ಎಷ್ಟು ಸಲೀಸು ನೋಡಿ. ಅಸ್ಮಿತೆ ಅನ್ನುವ ಪದವನ್ನೇ ನಿಮ್ಮ ಪ್ರಶ್ನೆಗಳಿಂದ ತೆಗೆದು ಹಾಕಿ ಅಂತ ನನ್ನ ಸಲಹೆ. ಅದನ್ನು ಕೇಳಿದ ತಕ್ಷಣ ಕವಿಗಳು ಸೆಮಿನಾರಿನ ದನಿಯಲ್ಲಿ ಮಾತಾಡಲು ಶುರು ಮಾಡುತ್ತಾರೆ. ಮತ್ತೆ ಕೆಳಗಿಳಿಸಲು ಎರಡು ಲೋಟ ಚಹಾ ಬೇಕು.

ಕವಯಿತ್ರಿಗೆ ಇನ್ನೊಂದು ಹಳಸಿದ ಪ್ರಶ್ನೆ ಕಾದಿರುತ್ತದೆ, 'ಮನೆ, ಮಕ್ಕಳು, ಅಡುಗೆ ನಡುವೆ ಹೇಗೆ ಬರೀತೀರಿ?' ಪ್ರಶ್ನೆ ತಪ್ಪಲ್ಲ, ಅವರೊಬ್ಬರಿಗೇ ಕೇಳೋದು ತಪ್ಪು. ಆ ಎಂಬತ್ತರ ಹಿರಿಯರಿಗೂ ಕೇಳಿ. 'ನೀವು ಬರೆಯುತ್ತಾ ಕೂತಾಗ ಅನ್ನಕ್ಕೆ ಯಾರು ಇಡುತ್ತಿದ್ದರು?' ಅಂತ ನಾನು ಒಬ್ಬ ಹಿರಿಯ ಕವಿಗೆ ಕೇಳಿದ್ದೆ. ಅವರ ಹೆಂಡತಿ ಒಳಗಿನಿಂದ ನಕ್ಕಿದ್ದು ಟೇಪಿನಲ್ಲಿ ಇದೆ. ಅವತ್ತಿನ ಸಂದರ್ಶನದಲ್ಲಿ ಬಹಳ ಚೆನ್ನಾಗಿದ್ದ ಭಾಗ ಅದೇ, ಆದರೆ ಅಚ್ಚಿನಲ್ಲಿ ನಗುವನ್ನು ಹಾಕೋದು ಹೇಗೆ?

ಹೆಸರಿನ ಬಗ್ಗೆ ಕೇಳಿ. ಇದು ಚಿಕ್ಕ ಪ್ರಶ್ನೆ, ಆದರೆ ಆಳಕ್ಕೆ ಹೋಗುತ್ತದೆ. ಬೇಂದ್ರೆ ಅಂಬಿಕಾತನಯದತ್ತ ಅಂತ ಬರೆದರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅನ್ನುವಲ್ಲಿ ಇರುವುದು ಅಪ್ಪನ ಹೆಸರು. ಕಾವ್ಯಕ್ಕೆ ಇಟ್ಟುಕೊಂಡದ್ದು ಅಮ್ಮನ ಮಗ ಅನ್ನುವ ಹೆಸರು. ವಚನಕಾರರಲ್ಲಂತೂ ಅಂಕಿತ ಅಂದರೆ ಅವರ ಮುದ್ರೆ. ಬಸವಣ್ಣನಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ. ಬಹುಪಾಲು ವಚನಕಾರರು ದೇವರ ಹೆಸರು ಇಟ್ಟುಕೊಂಡರೆ ದೋಣಿ ನಡೆಸುತ್ತಿದ್ದ ಚೌಡಯ್ಯ 'ಅಂಬಿಗರ ಚೌಡಯ್ಯ' ಅಂತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ, ಕಾಯಕದ ಸಮೇತ. ಅವನ ಹತ್ತಿರ 'ಅಂಬಿಗ ಕವಿಯಾಗಿ ನಿಮ್ಮ ಅನುಭವ ಹೇಳಿ' ಅಂತ ಯಾರಾದರೂ ಹೋಗಿದ್ದರೆ ಏನು ಬೈಗುಳ ಬೀಳುತ್ತಿತ್ತೋ. ಅವನ ವಚನ ಓದಿದವರಿಗೆ ಊಹಿಸೋದು ಕಷ್ಟ ಇಲ್ಲ. ನಿಮ್ಮ ಮೂವರೂ ತಮ್ಮ ಹೆಸರನ್ನು ಪುಸ್ತಕದ ಮೇಲೆ ಹೇಗೆ ಹಾಕುತ್ತಾರೆ ನೋಡಿ. ಊರಿನ ಹೆಸರು ಸೇರಿದೆಯಾ? ಮನೆತನದ ಹೆಸರು ಬಿಟ್ಟಿದ್ದಾರಾ? ಯಾವಾಗ ಬಿಟ್ಟರು, ಮನೆಯಲ್ಲಿ ಏನಂದರು?

ಎಂಬತ್ತು ದಾಟಿದವರ ಹತ್ತಿರ ಬೇರೆ ಕಷ್ಟ ಇದೆ. ಅವರ ಹತ್ತಿರ ಕಥೆಗಳು ಜಾಸ್ತಿ, ಎಲ್ಲವನ್ನೂ ನೂರು ಸಲ ಹೇಳಿ ನುಣುಪಾಗಿರುತ್ತವೆ. ವರ್ಷ ಕೇಳಬೇಡಿ. ವಸ್ತು ಕೇಳಿ. ಮೊದಲ ಪದ್ಯ ಅಚ್ಚಾದ ಪತ್ರಿಕೆ ಇಟ್ಟಿದ್ದೀರಾ, ತೋರಿಸ್ತೀರಾ? ಹಳೆಯ ಡೈರಿ ಇದೆಯಾ? ಡೈರಿ ಸಿಕ್ಕರೆ ಹೊಡೆದು ಹಾಕಿದ ಪದಗಳನ್ನು ನೋಡಿ. ಒಂದು ಪದ ಹೊಡೆದು ಇನ್ನೊಂದು ಬರೆದು, ಮತ್ತೆ ಮೊದಲಿನದ್ದಕ್ಕೇ ವಾಪಸ್ ಬಂದಿರುತ್ತಾರೆ. ಅಲ್ಲಿ ಬೆರಳಿಟ್ಟು 'ಇದು ಯಾಕೆ?' ಅನ್ನಿ. ಕಾವ್ಯದ ಬಗ್ಗೆ ಭಾಷಣ ಮಾಡುವವರೂ ಆ ಒಂದು ಪದದ ಮುಂದೆ ನೆಟ್ಟಗೆ ಮಾತಾಡುತ್ತಾರೆ.

ಅವರಿಗೇ ನನ್ನ ಇಷ್ಟದ ಪ್ರಶ್ನೆಯನ್ನೂ ಕೇಳಿ. ಬರೆದದ್ದನ್ನು ಮೊದಲು ಯಾರಿಗೆ ಓದಿ ಹೇಳುತ್ತಿದ್ದಿರಿ? ಸಮುದಾಯ ಅಂದ ಕೂಡಲೇ ನಾವು ಜಾತಿ ಅಂದುಕೊಳ್ಳುತ್ತೇವೆ. ಕವಿಗೆ ಇನ್ನೊಂದು ಸಮುದಾಯ ಇರುತ್ತದೆ, ಮೊದಲು ಕೇಳಿಸಿಕೊಂಡವರದು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಇತ್ತು. ಎಷ್ಟೋ ಊರುಗಳಲ್ಲಿ ಅದು ಒಂದು ಚಹಾದ ಅಂಗಡಿ, ಒಂದು ಅಚ್ಚುಕೂಟ, ಶಾಲೆ ಬಿಟ್ಟ ಮೇಲೆ ಉಳಿಯುವ ಸ್ಟಾಫ್ ರೂಮು. ಆ ಗುಂಪಿನಲ್ಲಿ ಯಾರು ಇದ್ದರು, ಯಾರು ಇರಲಿಲ್ಲ ಅನ್ನುವುದರಲ್ಲಿ ಊರಿನ ಇಡೀ ಚರಿತ್ರೆ ಇರುತ್ತದೆ. ಹೆಂಗಸರು ಬರುತ್ತಿದ್ದರಾ? ಕೇರಿಯ ಹುಡುಗರು ಬಂದರೆ ಯಾವ ಲೋಟದಲ್ಲಿ ಚಹಾ ಕೊಡುತ್ತಿದ್ದರು? ಹಿರಿಯರಿಗೆ ಇದನ್ನು ಕೇಳಲು ಹೆದರಬೇಡಿ. ಗುರುತಿನ ಪ್ರಶ್ನೆ ದಲಿತರಿಗೆ, ಮುಸ್ಲಿಮರಿಗೆ, ಹೆಂಗಸರಿಗೆ ಮಾತ್ರ ಮೀಸಲಾಗಿರೋದು ನಮ್ಮ ಸಂದರ್ಶನಗಳ ದೊಡ್ಡ ಕಾಯಿಲೆ. ಮೇಲ್ಜಾತಿಯ ಕವಿಗೆ ಜಾತಿಯೇ ಇಲ್ಲವೇನೋ ಅನ್ನುವ ಹಾಗೆ ಕಾವ್ಯ ಮೀಮಾಂಸೆ ಮಾತ್ರ ಕೇಳುತ್ತೇವೆ. 'ಬೇರೆ ಕವಿಗಳಿಗೂ ಹೀಗೇ ಕೇಳ್ತೀರೇನು?' ಅನ್ನುವ ಮಾತಿಗೆ ನಿಮ್ಮ ಹತ್ತಿರ ಉತ್ತರ ಇರಲಿಲ್ಲ ಅಲ್ವಾ? ಈ ಹಿರಿಯರಿಗೂ ಕೇಳಿದರೆ ಉತ್ತರ ಸಿಗುತ್ತದೆ.

ಕೇಳಿಸಿಕೊಂಡು ಬಂದ ಮೇಲಿನ ಕೆಲಸ ಇನ್ನೂ ನಾಜೂಕು. ಒಂದು ಗಂಟೆಯ ಮಾತನ್ನು ಕಾಗದಕ್ಕೆ ಇಳಿಸಲು ನನಗೆ ಈಗಲೂ ಐದಾರು ಗಂಟೆ ಬೇಕು. ಆಗ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಶುರುವಿನ ದಿನಗಳಲ್ಲಿ ಕಲಬುರಗಿ ಕಡೆಯ ಒಬ್ಬ ಕವಯಿತ್ರಿಯ ಮಾತನ್ನೆಲ್ಲ ನಾನು ಪುಸ್ತಕದ ಕನ್ನಡಕ್ಕೆ ತಿದ್ದಿ ಒಂದು ವಾರಪತ್ರಿಕೆಗೆ ಕೊಟ್ಟೆ. ಅವರ 'ಹಂಗ ಅದ' ಎಲ್ಲ 'ಹಾಗೆ ಇದೆ' ಆಯಿತು. ಅಚ್ಚಾದ ವಾರದಲ್ಲಿ ಒಂದು ಅಂಚೆ ಕಾರ್ಡು ಬಂತು. 'ಛಲೋ ಬಂದದ. ಆದರ ಇದರಾಗ ಮಾತಾಡಿದಾಕಿ ಯಾರು?' ಅಷ್ಟೇ. ಆ ಕಾರ್ಡು ಇನ್ನೂ ನನ್ನ ಮೇಜಿನ ಗಾಜಿನ ಕೆಳಗೆ ಇದೆ.

ಆಮೇಲೆ ಇನ್ನೊಂದು ತುದಿಗೆ ಹೋದೆ. ಎಲ್ಲರ ಮಾತನ್ನೂ ಇದ್ದ ಹಾಗೇ ಹಾಕುವುದು, ನನ್ನ ಪ್ರಶ್ನೆಗಳು ಮಾತ್ರ ಶುದ್ಧ ಕನ್ನಡದಲ್ಲಿ. ಅದು ಇನ್ನೂ ಕೆಟ್ಟದ್ದು ಅಂತ ಗೊತ್ತಾಗಲು ಕೆಲವು ವರ್ಷ ಹಿಡಿಯಿತು. ಪ್ರಶ್ನೆ ಕೇಳುವವನು ಮೇಷ್ಟ್ರು, ಉತ್ತರ ಹೇಳುವವರು ಹಳ್ಳಿಯವರು ಅನ್ನುವ ನಾಟಕ ಆಗುತ್ತದೆ. ನೀವೂ ಹಾವೇರಿಯವರು, ಅವರ ಹತ್ತಿರ 'ಹೆಂಗದೀರಿ, ಆರಾಮ ಐತೇನ್ರಿ' ಅಂತಲೇ ಮಾತಾಡಿರುತ್ತೀರಿ. ಅವರ ಮಾತು ಇದ್ದ ಹಾಗೆ ಬರುವುದಾದರೆ ನಿಮ್ಮದೂ ಇದ್ದ ಹಾಗೇ ಬರಲಿ. ಇಲ್ಲ, ಇಬ್ಬರದೂ ಬರಹದ ಕನ್ನಡ ಆಗಲಿ. ಯಾವುದು ಬೇಕು ಅಂತ ಅವರನ್ನೇ ಕೇಳಿ. ಕೆಲವರು 'ನನ್ನ ಪದ್ಯದಾಗ ನಮ್ಮ ಭಾಷಾ ಇರಲಿ, ಸಂದರ್ಶನದಾಗ ಬ್ಯಾಡ್ರಿ' ಅನ್ನುತ್ತಾರೆ. ಅದಕ್ಕೂ ಒಂದು ಕಾರಣ ಇರುತ್ತದೆ. ಅದನ್ನೂ ಕೇಳಬಹುದು.

ಅಚ್ಚಿಗೆ ಕೊಡುವ ಮೊದಲು ಅವರಿಗೆ ತೋರಿಸಿ. ಬೇರೆಯವರ ಹೆಸರು, ಮನೆಯ ಜಗಳ, 'ಇದು ಬರೀಬೇಡಿ' ಅಂದ ಮಾತು ಇವುಗಳನ್ನು ಅವರು ತೆಗೆಯಲಿ. ಇಡೀ ಸಂದರ್ಶನವನ್ನು ಕೂತು ಹೊಸದಾಗಿ ಬರೆದುಕೊಟ್ಟರೆ ಮಾತ್ರ ಒಪ್ಪಬೇಡಿ. ಕವಿಗಳಿಗೆ ಅದೊಂದು ಚಟ. ಫೋನಿನಲ್ಲಿ ಧ್ವನಿ ಹಿಡಿಯುವುದಾದರೆ ಏರೋಪ್ಲೇನ್ ಮೋಡಿನಲ್ಲಿ ಇಡಿ, ಫ್ಯಾನಿನ ಕೆಳಗೆ ಕೂರಬೇಡಿ. ಇಷ್ಟು ಸಾಕು, ಉಳಿದ ಯಂತ್ರದ ವಿಷಯ ನಿಮ್ಮ ವಿದ್ಯಾರ್ಥಿಗಳಿಗೇ ಜಾಸ್ತಿ ಗೊತ್ತಿರುತ್ತದೆ.

ಈಗ ಆ ಮೊದಲ ಕವಿ. ಅವರನ್ನು ಬಿಟ್ಟು ಇನ್ನಿಬ್ಬರಿಗೆ ಮುಗಿಸಬೇಡಿ. ಮತ್ತೆ ಹೋಗಿ. ಫೋನ್ ಮಾಡಿ 'ಅವತ್ತು ಸರಿಯಾಗಿ ಕೇಳಲಿಲ್ಲ, ಇನ್ನೊಂದು ಸಲ ಬರ್ಲೇನ್ರಿ?' ಅನ್ನಿ. ದೊಡ್ಡ ಕ್ಷಮೆ ಏನೂ ಬೇಡ, ಮುಜುಗರ ಆಗುತ್ತದೆ. ಹೋದ ಮೇಲೆ ಮೊದಲು ಆ ಕವಿತೆಯನ್ನು ಅವರಿಂದಲೇ ಓದಿಸಿ. ಪುಸ್ತಕ ಅವರ ಕೈಗೆ ಕೊಟ್ಟು ಸುಮ್ಮನೆ ಕೂರಿ. ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ದನಿ ಎತ್ತುತ್ತಾರೆ, ಯಾವ ಪದ ಅಚ್ಚಿನಲ್ಲಿ ಒಂದು ಥರ ಇದ್ದು ಬಾಯಲ್ಲಿ ಇನ್ನೊಂದು ಥರ ಬರುತ್ತದೆ, ಗುರುತು ಮಾಡಿಕೊಳ್ಳಿ. ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿದೆಯಾ ನೋಡಿ. ಆಮೇಲೆ ಕಾಯಿಸುವುದು ಹೇಗೆ ಅಂತ ಕೇಳಿ.

ಮತ್ತೆ ಒಂದು ಪ್ರಶ್ನೆ ನನ್ನ ಕಡೆಯಿಂದಲೂ ಕೇಳಿಕೊಂಡು ಬನ್ನಿ. ಶಾಲೆಯಲ್ಲಿ ಮೇಷ್ಟ್ರು ಬರೆಯುತ್ತಿದ್ದದ್ದೂ ಹಲಗೆಯ ಮೇಲೆಯೇ, ಕಪ್ಪು ಹಲಗೆ. ಮನೆಯಲ್ಲಿ ಅಪ್ಪನ ಕೈಯಲ್ಲಿ ಒಂದು, ಶಾಲೆಯ ಗೋಡೆಯ ಮೇಲೆ ಒಂದು. ಅದು ಅವರ ಕವಿತೆಯಲ್ಲಿ ಎಲ್ಲಾದರೂ ಇದೆಯಾ, ಅಥವಾ ಇನ್ನೂ ಬರೆದಿಲ್ಲವಾ?